ಹಾಲಪ್ಪನವರ ಮೂಗೆಲುಬು

ಈ ಗುರುತು ನಗುವಿನದೇ ಇರಬಹುದು. ಇಲ್ಲದೆಯೂ ಇರಬಹುದು. ಎದುರಿಗೆ ಕೂತ ಹೆಂಗಸಿಗೆ ಏನೆಂದು ಹೇಳುವುದು? ಡಾ. ಇಂದುಧರ ಮುಖವಾಚಕದ ಪರದೆಯನ್ನೇ ದಿಟ್ಟಿಸುತ್ತಿದ್ದ.

ಮುಖವಾಚಕ ಅವನೇ ರೂಪಿಸಿದ ಯಂತ್ರ. ದಾವಣಗೆರೆಯ ವೈದ್ಯಕೀಯ ಕಾಲೇಜೊಂದರ ಅಂಗರಚನಾ ವಿಭಾಗದಲ್ಲಿ ಅದು ಕೆಲಸಕ್ಕಿತ್ತು. ಮುಖದ ಸ್ನಾಯುಗಳು ಜೀವಮಾನವಿಡೀ ಎಳೆದೆಳೆದು ಎಲುಬಿನ ಮೇಲೆ ಬಿಟ್ಟ ಗುರುತುಗಳನ್ನು ಓದಿ, ಸತ್ತವರ ಮುಖ ಬದುಕಿದ್ದಾಗ ಹೇಗಿರುತ್ತಿತ್ತು ಎಂದು ತೋರಿಸುತ್ತಿತ್ತು. ಕೆನ್ನೆಯ ಎಲುಬು ಬಾಯ್ತುಂಬ ನಕ್ಕದ್ದನ್ನು ಹೇಳುತ್ತದೆ, ಹುಬ್ಬಿನದು ಸಿಡುಕನ್ನು. ಹಾಲಪ್ಪನವರ ಕೆನ್ನೆ, ಹುಬ್ಬು ಎರಡೂ ನುಣುಪು. ಗುರುತಿದ್ದದ್ದು ಮೂಗೆಲುಬಿನ ಮೇಲೆ ಮಾತ್ರ. ಅಷ್ಟು ಆಳವಾದದ್ದನ್ನು ಇಂದುಧರ ಎಲ್ಲೂ ಕಂಡಿರಲಿಲ್ಲ.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಹಾಲಪ್ಪ ದೇಹದಾನ ಮಾಡಿ ಹೋಗಿದ್ದರು. ಎದುರಿಗೆ ಕೂತಿದ್ದವರು ಅವರ ಹೆಂಡತಿ ಸರ್ವಮಂಗಳಮ್ಮ.

"ನಂದೊಂದೇ ಪ್ರಶ್ನೆ ಡಾಕ್ಟ್ರೇ. ನಾನು ಬಾಯಿಬಡುಕಿ. ಊಟಕ್ಕೆ ಕೂತ್ರೆ ಓಣಿ ಸುದ್ದಿಯೆಲ್ಲಾ ಹೇಳ್ತಿದ್ದೆ. ಆ ಪುಣ್ಯಾತ್ಮ ಒಂದಿನ ಹೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ. ಅವ್ರು ಕೇಳ್ತಿದ್ರೋ, ಇಲ್ಲಾ ನಾನು ಗೋಡೆ ಜೊತಿಗೆ ಸಂಸಾರ ಮಾಡಿದ್ನೋ? ನಿಮ್ಮ ಮಿಷನ್ನು ಮುಖ ಓದ್ತೈತಂತಲ್ಲ, ಓದಿ ಹೇಳ್ರಿ."

ಇಂದುಧರನೂ ಮಾತು ಕಡಿಮೆಯವನೇ. ಸುಮ್ಮನಿದ್ದವರ ಪರವಾಗಿ ಮಾತಾಡುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತಿತ್ತು.

"ಮೂಗಿನ ಮೇಲೊಂದು ಗುರುತಿದೆ, ಅಮ್ಮ. ತುಟಿ ಬಿಗಿಹಿಡಿದು ನಗು ನುಂಗಿದ್ರೆ ಅದು ಮೂಗಿಗೆ ಬರುತ್ತೆ, ಮೂಗು ಸುಕ್ಕಾಗುತ್ತೆ. ವರ್ಷಗಟ್ಟಲೆ ಹಾಗೇ ಆದ್ರೆ ಎಲುಬಿನ ಮೇಲೆ ಉಳಿಯುತ್ತೆ." ಮತ್ತೆ ಪರದೆ ನೋಡಿ ಕೇಳಿದ, "ಅವರಿಗೆ ನಸ್ಯದ ಅಭ್ಯಾಸ ಇತ್ತಾ?"

"ಇಲ್ದೆ ಏನು! ಡಬ್ಬಿ ಸೊಂಟದಾಗೇ ಇರ್ತಿತ್ತು. ಯಾಕ್ರಿ?"

ಸರ್ವಮಂಗಳಮ್ಮ ಉತ್ತರಕ್ಕೆ ಕಾಯಲಿಲ್ಲ.

"ನಾನು ಸುದ್ದಿ ತೆಗೆದ್ರೆ ಸಾಕು, ಟವೆಲ್ ಮುಖಕ್ಕೊತ್ತಿ ಆ ಕಡೆ ತಿರುಗ್ತಿದ್ರು. ನಸ್ಯದ್ದೇ ಕಾಟ ಅಂದ್ಕಂಡಿದ್ದೆ. ಅವ್ರು ಹೋಗೋ ಮುಂಚೆ ಒಂದಿನ, ಸೊಪ್ಪು ತರೋ ಡ್ರೋನು ಕಟ್ಟೆ ಮೇಲೆ ಕೂತಿದ್ದ ಶಿವಲಿಂಗಪ್ಪನ ವಿಗ್ಗು ಎತ್ಕಂಡು ಹೋಗಿ, ಕೊತ್ತಂಬರಿ ಜೊತಿಗೆ ಅವನ ಬೀಗ್ತಿ ಮನೇಲಿ ಇಳಿಸಿತ್ತು. ಆಯಮ್ಮ ಅದನ್ನ ನೀರಾಗೆ ಜಾಲಿಸಿ, ಈ ಸಲದ ಸೊಪ್ಪು ಬಾಡೈತೆ ಅಂತ ಕಂಪ್ಲೇಂಟ್ ಕೊಟ್ಲು! ಅದನ್ನ ಹೇಳಿದಾಗ್ಲೂ ಟವೆಲ್ಲೇ!"

ಶವಗಳಿರುವ ಕಟ್ಟಡದಲ್ಲಿ, ಗಂಡನನ್ನು ಕಳೆದುಕೊಂಡವರ ಎದುರು ನಗುವುದು ಹೇಗೆ? ಇಂದುಧರ ತುಟಿ ಬಿಗಿಹಿಡಿದ. ನಗು ಮೂಗಿಗೇರಿತು.

ಸರ್ವಮಂಗಳಮ್ಮ ಕುರ್ಚಿಯಿಂದ ಅರ್ಧ ಎದ್ದರು. "ಇದೇ! ಇದೇ ಮುಖ ನೋಡ್ರಿ! ಟವೆಲ್ ಅಂಚಿನ ಮೇಲೆ ಇಷ್ಟೇ ಕಾಣ್ತಿತ್ತು, ಸುಕ್ಕಾದ ಮೂಗು, ನೀರಾಡೋ ಕಣ್ಣು... ಕಳ್ಳ! ಎಲ್ಲಾ ಕೇಳ್ತಿದ್ದ!"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಪರದೆಯ ಮೇಲಿದ್ದ ಗಂಡನ ಮೂಗನ್ನು ಬೆರಳಿನಿಂದ ತಿವಿದರು. ಯಂತ್ರದ ಕೈಗೆ ಸಿಗದ ಒಂದು ಮುಖ ಅವರಿಗೆ ಸಿಕ್ಕಿತ್ತು.

"ಕೇಳ್ತಿದ್ರು, ಅಮ್ಮ," ಎಂದ ಇಂದುಧರ.

ಅವರು ಹೋದ ಮೇಲೂ ಅವನ ಮೂಗು ಎರಡು ಸಲ ಸುಕ್ಕಾಯಿತು. ಮತ್ತೆ ಮತ್ತೆ ಬಂದು ಹೊಸ ಸುದ್ದಿ ಹೇಳಿಹೋಗುತ್ತಿದ್ದ ಸರ್ವಮಂಗಳಮ್ಮನಿಗೆ, ನಸ್ಯದ ಸೀನೂ ಮೂಗೆಲುಬಿನ ಮೇಲೆ ಅದೇ ಗುರುತನ್ನು ಬಿಡುತ್ತದೆ ಎಂದು ಅವನು ಯಾವತ್ತೂ ಹೇಳಲಿಲ್ಲ.