ಗೋಲ್‌ಪೋಸ್ಟಿನ ಹಿಂದೆ ನಿಂತವನು

ಎದುರಾಳಿ ತಂಡ ಗೋಲು ಹೊಡೆದಾಗ ಮೇಟಗಳ್ಳಿ ಬಾಯ್ಸ್ ಹಾಕಿ ತಂಡದ ಕಡೆಯ ಮೆಟ್ಟಿಲುಗಳಲ್ಲಿ ಯಾರೂ ಚಪ್ಪಾಳೆ ತಟ್ಟುವಂತಿಲ್ಲ. ಹೇಮಶ್ರೀ ಅಲ್ಲಿ ಕೂತಿರುತ್ತಾಳೆ ಎನ್ನುವುದೇ ಅದಕ್ಕೆ ಕಾರಣ.

ಆ ಭಾನುವಾರ ಅವಳ ಬೆನ್ನ ಹಿಂದೆಯೇ ಯಾರೋ ತಟ್ಟಿದರು. ಅದೂ ಮನಸಾರೆ.

ಹೇಮಶ್ರೀ ನಿಧಾನವಾಗಿ ತಿರುಗಿದಳು. ತಿಳಿನೀಲಿ ಶರ್ಟು, ಮಡಚಿದ ತೋಳು, ಕಪ್ಪು ಫ್ರೇಮಿನ ಕನ್ನಡಕ. ಮುಖದಲ್ಲಿ ಮದುವೆ ಮನೆಗೆ ಬಂದವನ ಕಳೆ.

"ಯಾಕ್ರೀ ತಟ್ಟಿದ್ರಿ?"

"ಗೋಲ್ ಆಯ್ತಲ್ಲ?"

"ಯಾರ್ದು?"

ಅವನು ಮೈದಾನ ನೋಡಿದ, ಅವಳ ಮುಖ ನೋಡಿದ, ಮತ್ತೆ ಮೈದಾನ ನೋಡಿದ. "ನಮ್ದಲ್ವಾ?"

"ನಮ್ದು ಅಂದ್ರೆ? ನೀವ್ ಯಾವ್ ಕಡೆಯವ್ರು?"

"ರಾಜೀವನಗರ."

ತಂಡ ಕೇಳಿದರೆ ಬಡಾವಣೆಯ ಹೆಸರು ಹೇಳಿದ್ದಕ್ಕೆ ಪಕ್ಕದಲ್ಲಿದ್ದ ಅನು ಕಿಸಕ್ಕನೆ ನಕ್ಕಳು. ಹೇಮಶ್ರೀ ನಗಲಿಲ್ಲ. ಅವಳ ಕಣ್ಣು ಆ ಶರ್ಟಿನ ಮೇಲೆ ನಿಂತಿತ್ತು. ಲೀಗಿನಲ್ಲಿ ಅವರ ಹಳೇ ಎದುರಾಳಿ ಕಡಕೊಳ ರಾಕರ್ಸ್ ತಂಡದ ಜೆರ್ಸಿಯೂ ಅದೇ ಬಣ್ಣ.

ಅನುಮಾನ ಪಡುವುದು ಅವಳಿಗೆ ಹುಟ್ಟುಗುಣವೋ, ಕೆಲಸ ಕಲಿಸಿದ್ದೋ ಹೇಳುವುದು ಕಷ್ಟ. ಗಾರ್ಮೆಂಟ್ಸ್‌ನ ಚೆಕಿಂಗ್ ಸೆಕ್ಷನ್‌ನಲ್ಲಿ ಅವಳು ಸೂಪರ್‌ವೈಸರ್. ಬಿಟ್ಟುಹೋದ ಹೊಲಿಗೆ, ಅರ್ಧ ನೂಲು ಸೊಟ್ಟಗಾದ ಕಾಲರು ಅವಳ ಕಣ್ಣು ತಪ್ಪಿಸಿ ಪ್ಯಾಕಿಂಗ್ ಡಬ್ಬ ಸೇರಿದ್ದಿಲ್ಲ. ಅನು ಅದೇ ಸೆಕ್ಷನ್‌ನ ಗೆಳತಿ. ಹಾಕಿಯ ಗಂಧಗಾಳಿ ಇಲ್ಲದಿದ್ದರೂ ಕಡಲೆಕಾಯಿ ತಿನ್ನಲು ಜೊತೆಗೆ ಬರುತ್ತಿದ್ದಳು.

ಇನ್ನು ಮೇಟಗಳ್ಳಿ ಬಾಯ್ಸ್. ಹೆಸರಿಗೆ ಬಾಯ್ಸ್. ಸೆಂಟರ್ ಹಾಫ್ ಪುಟ್ಟಸ್ವಾಮಿಯ ಮಗಳು ಆಗಲೇ ಪಿಯುಸಿ ಓದುತ್ತಿದ್ದಳು. ಕೋಚ್ ಗುರುಸಿದ್ದಯ್ಯನವರು ಹಾಫ್ ಟೈಮಿನಲ್ಲಿ ತಂತ್ರ ಹೇಳಿಕೊಡುವ ಬದಲು ಮೊಣಕಾಲಿಗೆ ಸ್ಪ್ರೇ ಹೊಡೆಯುತ್ತಿದ್ದರು. ಇಂಥ ತಂಡದ ಹಿಂದೆ ಹೇಮಶ್ರೀ ನಂಜನಗೂಡು, ಹುಣಸೂರು, ಮಂಡ್ಯ ಅಂತ ಸುತ್ತಿದ್ದಳು. ಸೋತು ಬರುವಾಗ ಬಸ್ಸಿನಲ್ಲಿ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳೂ ಅವಳೇ. ಒಮ್ಮೆ ಗೆದ್ದ ದಿನ ತೊಟ್ಟಿದ್ದ ಹಸಿರು ಚೂಡಿದಾರವನ್ನು ಇಡೀ ಸೀಸನ್ ಒಗೆಯದೆ ಹಾಕಿಕೊಂಡಳು. ಕೊನೆಗೆ ತಾಯಿ ಸರೋಜಮ್ಮ ಅದನ್ನು ಕದ್ದು ನೆನೆಹಾಕಿದರು. ಮರುದಿನ ತಂಡ ಆರು ಗೋಲಿನಿಂದ ಸೋತಿತು. ಸರೋಜಮ್ಮನ ಜೊತೆ ಹೇಮಶ್ರೀ ಒಂದು ವಾರ ಮಾತು ಬಿಟ್ಟಳು.

ಆದರೆ ಈ ವರ್ಷ ಪವಾಡವಾಗಿತ್ತು. ಅವಳ ತಮ್ಮ ಸುನಿಲ್ ಗೋಲ್‌ಕೀಪರ್ ಆಗಿ ನಿಂತಮೇಲೆ ತಂಡ ಜಿಲ್ಲಾ ಲೀಗಿನ ಸೆಮಿಫೈನಲ್ ಕಡೆ ತೆವಳುತ್ತಿತ್ತು. ಹೀಗಿರುವಾಗಲೇ ಈ ತಿಳಿನೀಲಿ ಶರ್ಟು ವಕ್ಕರಿಸಿತ್ತು.

ಮುಂದಿನ ಭಾನುವಾರವೂ ಅವನು ಬಂದ. ಶರ್ಟು ಬದಲಾಗಿತ್ತು, ಚಪ್ಪಾಳೆ ಮಾತ್ರ ಅದೇ. ಅಂಪೈರ್ ಸೀಟಿ ಊದಿದರೂ ತಟ್ಟಿದ. ಪುಟ್ಟಸ್ವಾಮಿ ಜಾರಿ ಬಿದ್ದಾಗಲೂ ತಟ್ಟಿದ, ಆಮೇಲೆ ನಾಲಿಗೆ ಕಚ್ಚಿಕೊಂಡ.

"ಇಷ್ಟೊಂದ್ ದಡ್ಡ ಯಾರೂ ಇರಲ್ಲ ಕಣೆ. ನಾಟಕ ಇದು" ಅಂದಳು ಹೇಮಶ್ರೀ.

"ನಾಟಕವೇ. ನಿನ್ನ ನೋಡಕ್ ಬರ್ತಾನೆ ಕಣೆ, ಅದುಕ್ಕೆ" ಅಂದಳು ಅನು.

ಹೇಮಶ್ರೀಗೆ ಕಿವಿ ಬಿಸಿಯಾಯಿತು. ಜಡೆ ಸರಿಮಾಡುವ ನೆಪದಲ್ಲಿ ತಿರುಗಿದಳು. ಅವನು ನಿಜಕ್ಕೂ ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದ ತಕ್ಷಣ ಆಕಾಶ ನೋಡಿದ. ಆಕಾಶದಲ್ಲಿ ಒಂದು ಹದ್ದೂ ಇರಲಿಲ್ಲ.

ಹಾಫ್ ಟೈಮಿನಲ್ಲಿ ಅವನು ಎರಡು ಪೊಟ್ಟಣ ಚುರುಮುರಿ ಹಿಡಿದು ಬಂದು ನಿಂತ. "ಖಾರ ಜಾಸ್ತಿ ಹಾಕ್ಸಿದೀನಿ. ನಿಮ್ಗೆ ಖಾರ ಆಗ್ಬರುತ್ತೆ ಅನ್ನುಸ್ತು."

"ಹೆಂಗ್ ಗೊತ್ತಾಯ್ತು?"

"ಮಾತ್ ಕೇಳಿದೀನಲ್ಲ."

ನಗು ಬಂದುಬಿಟ್ಟಿತು. ಅದನ್ನು ಅಡಗಿಸಲು ಅವಳು ಬಾಯಿ ತುಂಬ ಚುರುಮುರಿ ತುಂಬಿಕೊಂಡಳು. ಅವನ ಹೆಸರು ರವಿಚಂದ್ರ. ಮೊದಲ ಸಲ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, ಹತ್ತಿರದ ಫ್ಯಾಕ್ಟರಿಗೆ ಬಂದಿದ್ದೆ, ರಸ್ತೆಗೆ ಕಿರುಚಾಟ ಕೇಳಿಸಿತು, ಯಾರೋ ಕಷ್ಟದಲ್ಲಿದ್ದಾರೆ ಅಂದುಕೊಂಡೆ ಎಂದ.

"ಏನ್ ಕೆಲ್ಸ ನಿಮ್ದು?"

"ಕಣ್ ನೋಡೋ ಕೆಲ್ಸ" ಅಂದ ರವಿಚಂದ್ರ, ಅವಳ ಕಣ್ಣನ್ನೇ ನೋಡುತ್ತ.

ಹೇಮಶ್ರೀ ಪೊಟ್ಟಣ ಮುದುರಿದಳು. "ಇಂಥ ಡೈಲಾಗ್ ನನ್ನತ್ರ ಬೇಡ್ರೀ." ಎದ್ದು ಇನ್ನೊಂದು ಮೆಟ್ಟಿಲಿಗೆ ಹೋಗಿ ಕೂತಳು.

ಮುಂದಿನ ಪಂದ್ಯದಲ್ಲಿ ಅವನು ಮೆಟ್ಟಿಲ ಕಡೆ ಬರಲಿಲ್ಲ. ಸುನಿಲ್ ಕಾಯುತ್ತಿದ್ದ ಗೋಲ್‌ಪೋಸ್ಟಿನ ಹಿಂದೆ, ಬೇಲಿ ಹಿಡಿದು ನಿಂತಿದ್ದ. ಚೆಂಡು ಆಚೆ ತುದಿಯಲ್ಲಿದ್ದಾಗಲೂ ಅವನ ದೃಷ್ಟಿ ಸುನಿಲನನ್ನು ಬಿಡಲಿಲ್ಲ. ಮೇಟಗಳ್ಳಿ ಗೋಲು ಹೊಡೆದಾಗ ಕೂಡ ಅವನು ಆ ಕಡೆ ತಿರುಗಲಿಲ್ಲ.

ಅವಳ ಎದೆಯಲ್ಲಿ ಏನೋ ಚುಚ್ಚಿತು. ತನ್ನ ಕಡೆ ನೋಡುತ್ತಿಲ್ಲ ಎಂಬ ಬೇಸರ ಅದು ಎಂದು ಒಪ್ಪಿಕೊಳ್ಳಲು ಅವಳು ತಯಾರಿರಲಿಲ್ಲ. ಅದಕ್ಕೆ ಅನುಮಾನ ಎಂದು ಹೆಸರಿಟ್ಟಳು.

ಅನುಮಾನಕ್ಕೆ ಮೇವೂ ಸಿಕ್ಕಿತು. ಕಡಕೊಳದ ಗೋಲ್‌ಕೀಪರ್ ಕೆಲಸ ಸಿಕ್ಕಿ ದುಬೈಗೆ ಹೋದನಂತೆ, ಅವರು ಒಳ್ಳೆಯ ಕೀಪರ್ ಹುಡುಕುತ್ತಿದ್ದಾರಂತೆ ಎಂದು ಗುರುಸಿದ್ದಯ್ಯನವರೇ ಹೇಳಿದರು. ಸೆಮಿಫೈನಲ್ ಇದ್ದದ್ದು ಕಡಕೊಳದ ಮೇಲೆಯೇ. ಅದೇ ವಾರ ಅವಳು ಅಮ್ಮನ ಮಿಕ್ಸಿ ರಿಪೇರಿಗೆ ಕೊಡಲು ರಾಜೀವನಗರಕ್ಕೆ ಹೋದಾಗ, ಟೀ ಅಂಗಡಿಯ ಒಳಗಿನ ಮೇಜಿನಲ್ಲಿ ರವಿಚಂದ್ರ ಕೂತಿದ್ದ. ಎದುರಿಗೆ ಸುನಿಲ್. ರವಿಚಂದ್ರ ತಗ್ಗಿದ ದನಿಯಲ್ಲಿ ಏನೋ ಒತ್ತಾಯ ಮಾಡುತ್ತಿದ್ದ. ಸುನಿಲ್ ತಲೆ ಬಗ್ಗಿಸಿ ಬೇಡ ಬೇಡ ಎಂಬಂತೆ ಕೈಯಾಡಿಸುತ್ತಿದ್ದ. ಕೊನೆಗೆ ಇಬ್ಬರೂ ಎದ್ದು ಒಂದೇ ಬೈಕಿನಲ್ಲಿ ಹೋದರು.

ಸುನಿಲ್ ಮನೆಗೆ ಬಂದಾಗ ಅವಳು ಕೇಳಿದಳು: "ಎಲ್ಲೋ ಹೋಗಿದ್ದೆ?"

"ಪ್ರಾಕ್ಟೀಸ್‌ಗೆ ಅಕ್ಕ."

"ಯಾರ್ ಜೊತೆ?"

"ಪುಟ್ಟಸ್ವಾಮಣ್ಣನ ಜೊತೆ." ಸುನಿಲ್ ಅವಳ ಮುಖ ನೋಡಲಿಲ್ಲ. ತಿರುಗಿ ಒಳಗೆ ಹೋಗುವಾಗ ಬಾಗಿಲ ಪಟ್ಟಿಗೆ ಭುಜ ತಗುಲಿಸಿಕೊಂಡ. ಸುಳ್ಳು ಹೇಳುವವನಿಗೆ ದಾರಿಯೂ ಕಾಣುವುದಿಲ್ಲ ಎಂದುಕೊಂಡಳು ಹೇಮಶ್ರೀ.

ಸೆಮಿಫೈನಲ್ ದಿನ ಅವಳು ಎಲ್ಲರಿಗಿಂತ ಮೊದಲು ಮೈದಾನದಲ್ಲಿದ್ದಳು. ಹುಡುಗರು ಓಡಿ ಮೈ ಬೆಚ್ಚಗೆ ಮಾಡಿಕೊಂಡರು. ಬೆಳಿಗ್ಗೆಯೇ ಕಿಟ್ ಹೊತ್ತು ಮನೆ ಬಿಟ್ಟ ಸುನಿಲ್ ಮಾತ್ರ ಬಂದಿರಲಿಲ್ಲ. ಫೋನ್ ಸ್ವಿಚ್ ಆಫ್. ಗುರುಸಿದ್ದಯ್ಯನವರು ಬೇರೆ ದಾರಿ ಕಾಣದೆ ಪುಟ್ಟಸ್ವಾಮಿಗೆ ತಂಡದ ಹಳೆಯ ಗೋಲ್‌ಕೀಪರ್ ಪ್ಯಾಡ್ ಕಟ್ಟತೊಡಗಿದರು. ಎದೆಯ ಪ್ಯಾಡಿನ ಪಟ್ಟಿ ಅವನ ಹೊಟ್ಟೆಗೆ ಸುತ್ತುಬರಲಿಲ್ಲ.

ಆಗ ಗೇಟಿನಲ್ಲಿ ಬೈಕು ನಿಂತಿತು. ರವಿಚಂದ್ರ ಅವಳ ಕಡೆಗೇ ಓಡಿ ಬರುತ್ತಿದ್ದ.

"ಬಂದ್ಬುಟ್ರಾ? ಯಾವ್ ಮುಖ ಇಟ್ಕೊಂಡ್ ಬಂದ್ರಿ?" ಅವಳ ದನಿಗೆ ಎರಡೂ ತಂಡಗಳು ತಿರುಗಿದವು. "ಚುರುಮುರಿ ಕೊಟ್ಟು, ನಗ್ಸಿ, ನನ್ ತಮ್ಮನ್ನ ಕಡಕೊಳದೋರ್ಗೆ ಸಾಗ್ಸಿದ್ರಲ್ಲ! ಎಲ್ಲಿ ಬಚ್ಚಿಟ್ಟಿದೀರಾ ಅವನ್ನ?"

"ಹೇಮಶ್ರೀಯವ್ರೇ, ಒಂದ್ನಿಮಿಷ..."

"ಕಣ್ ನೋಡ್ತಾರಂತೆ ಕಣ್ಣು! ನಾನೂ ನಂಬ್ಬುಡ್ತಿದ್ದೆ." ದನಿ ಒಡೆಯಿತು. ಎಲ್ಲರೆದುರು ಒಡೆಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ರವಿಚಂದ್ರ ಹತ್ತಿರ ಬಂದು ಅವಳಿಗಷ್ಟೇ ಕೇಳುವ ಹಾಗೆ ಹೇಳಿದ: "ಸುನಿಲ್ ಕಣ್ಣಾಸ್ಪತ್ರೇಲಿದಾರೆ. ನಾನಲ್ಲಿ ಕಣ್ ಟೆಸ್ಟ್ ಮಾಡೋನು. ಇನ್ನೊಂದ್ ಗಂಟೇಲಿ ಆಪರೇಷನ್. ನಿಮ್ಮನ್ನ ಕರ್ಕೊಂಡ್ ಹೋಗಕ್ ಬಂದೆ."

ಹೇಮಶ್ರೀ ಮೈದಾನದ ಕಡೆ ತಿರುಗಿಯೂ ನೋಡದೆ ಅವನ ಬೈಕು ಹತ್ತಿದಳು.

ದಾರಿಯುದ್ದಕ್ಕೂ ಅವನು ತಲೆಯನ್ನು ಅರ್ಧ ಹಿಂದಕ್ಕೆ ತಿರುಗಿಸಿ ಹೇಳುತ್ತ ಹೋದ. ಎಡಗಡೆಯಿಂದ ಚೆಂಡು ಬಂದಾಗ ಸುನಿಲ್ ಬರೀ ಕಣ್ಣು ಹೊರಳಿಸದೆ ಇಡೀ ತಲೆ ತಿರುಗಿಸುತ್ತಿದ್ದುದು ಕಂಡು ಅವನಿಗೆ ಅನುಮಾನ ಬಂದಿತ್ತು. ಖಾತ್ರಿಯಾಗಲೆಂದೇ ಗೋಲಿನ ಹಿಂದೆ ನಿಂತದ್ದು. ಸುನಿಲನನ್ನು ಕೇಳಿದಾಗ, ಹೆಲ್ಮೆಟ್ ಹಾಕದೆ ಪ್ರಾಕ್ಟೀಸ್ ಮಾಡುವಾಗ ಕಣ್ಣಿಗೆ ಚೆಂಡು ಬಿದ್ದದ್ದನ್ನು ಬಾಯಿಬಿಟ್ಟ. ಟೀ ಅಂಗಡಿಯಲ್ಲಿ ಬೇಡಿಕೊಂಡು ಆಸ್ಪತ್ರೆಗೆ ಕರೆದೊಯ್ದರೆ, ಕಣ್ಣಿನ ಒಳಪರದೆ ಹರಿದಿದೆ, ತಡಮಾಡಬೇಡಿ ಎಂದರು ಡಾಕ್ಟರು. ಸೆಮಿಫೈನಲ್ ಆಡಿಯೇ ಬರುತ್ತೇನೆ ಎಂದು ಸುನಿಲ್ ಎದ್ದು ಹೋಗಿದ್ದ. ಇವತ್ತು ಬೆಳಿಗ್ಗೆ ಎದ್ದಾಗ ಕಣ್ಣಿನ ಮುಂದೆ ಕಪ್ಪು ಪರದೆ ಅರ್ಧಕ್ಕೆ ಇಳಿದಿತ್ತು. ಮನೆಯಲ್ಲಿ ತಿಳಿಯದಿರಲೆಂದು ಕಿಟ್ ಹೊತ್ತು ಹೊರಟು, ದಾರಿಯಲ್ಲಿ ಹೆದರಿ ತಾನೇ ಫೋನ್ ಮಾಡಿದ್ದ.

"ನನ್ಗ್ಯಾಕೆ ಹೇಳ್ಲಿಲ್ಲ ನೀವು?"

"ಹೇಳಲ್ಲ ಅಂತ ಅವ್ರಿಗೆ ಮಾತ್ ಕೊಟ್ಟಿದ್ದೆ. ಪೇಷೆಂಟ್ ಅಲ್ವಾ? ತಪ್ಪು ಮಾಡ್ದೆ ಅಂತ ಎಷ್ಟ್ ಸಲ ಅನ್ನುಸ್ತೋ. ಮೆಟ್ಲತ್ರ ಬಂದು ಬಂದು ವಾಪಸ್ ಹೋಗಿದೀನಿ."

ಆಸ್ಪತ್ರೆಯ ಹಸಿರು ಗೌನಿನಲ್ಲಿ ಸುನಿಲ್ ಚಿಕ್ಕ ಹುಡುಗನಂತೆ ಕಂಡ. ಅಕ್ಕನನ್ನು ನೋಡಿದ್ದೇ ಅವನು ಕೇಳಿದ್ದು: "ಮ್ಯಾಚ್ ಬುಟ್ಟು ಬಂದ್ಯಾ?"

"ಹಾಳಾಗೋಗ್ಲಿ ಮ್ಯಾಚು. ನನ್ನತ್ರ ಯಾಕೋ ಮುಚ್ಚಿಟ್ಟೆ?"

"ನೀನ್ ಎಷ್ಟ್ ಆಸೆ ಇಟ್ಕೊಂಡಿದ್ದೆ ಅಕ್ಕ. ನಾನಿಲ್ದಿದ್ರೆ ಸೋಲ್ತೀವಿ. ನೀನ್ ಬಸ್ಸಲ್ಲಿ ಅಳೋದ್ ನೋಡಕ್ಕಾಗಲ್ಲ ನನ್ಗೆ."

ಅವನನ್ನು ಒಳಗೆ ಕರೆದುಕೊಂಡು ಹೋದರು. ಹೇಮಶ್ರೀ ಗೋಡೆಗೆ ಒರಗಿ ನಿಂತಳು. ಒಂದೂ ಪಂದ್ಯ ಬಿಡದೆ ನೋಡಿದ್ದಳು. ಸುನಿಲ್ ಎಷ್ಟು ಗೋಲು ತಡೆದ, ಎಷ್ಟು ಬಿಟ್ಟ ಎಂದೆಲ್ಲ ಹೇಳಬಲ್ಲಳು. ಅವನು ಬಾಗಿಲಿಗೆ ಭುಜ ಬಡಿದುಕೊಂಡದ್ದನ್ನೂ ನೋಡಿದ್ದಳು, ಆದರೆ ಅವನನ್ನು ಸುಳ್ಳುಗಾರ ಅಂದುಕೊಂಡಿದ್ದಳು. ಅಳು ಈಗ ನಿಜವಾಗಿ ಬಂತು. ರವಿಚಂದ್ರ ಸರೋಜಮ್ಮನಿಗೆ ಫೋನ್ ಮಾಡಿ, ಗಾಬರಿಯಾಗದಂತೆ ಹೇಳಿ, ಆಟೋ ಕಳಿಸಿದ. ಆಮೇಲೆ ಬಂದು, ಒಂದು ಕುರ್ಚಿಯಷ್ಟು ದೂರ ಬಿಟ್ಟು ಅವಳ ಸಾಲಿನಲ್ಲಿ ಕೂತ.

ಅವಳ ಫೋನ್ ಮತ್ತೆ ಮತ್ತೆ ಅದುರಿತು. ಪಂದ್ಯದ ಸುದ್ದಿ ಹೇಳಲು ಅನು ಮಾಡುತ್ತಿದ್ದಳು. ಹೇಮಶ್ರೀ ಫೋನ್ ಆಫ್ ಮಾಡಿ ಬ್ಯಾಗಿಗೆ ಹಾಕಿದಳು.

ಆಪರೇಷನ್ ಆದಮೇಲೆ ಸುನಿಲ್ ಹಲವು ದಿನ ಮುಖ ಕೆಳಗೆ ಹಾಕಿಯೇ ಮಲಗಬೇಕಿತ್ತು. ರವಿಚಂದ್ರ ದಿನಾ ಡ್ಯೂಟಿ ಮುಗಿಸಿ ಮನೆಗೆ ಬಂದು ಡ್ರಾಪ್ಸ್ ಹಾಕಿ ಹೋಗುತ್ತಿದ್ದ. ಡ್ರಾಪ್ಸ್ ಹಾಕಲು ಬರುವವನು ತಲೆ ಬಾಚಿ ಬರುತ್ತಾನಲ್ಲ ಎಂದು ಸರೋಜಮ್ಮನಿಗೂ ಒಂದು ಅನುಮಾನ ಶುರುವಾಯಿತು.

"ಅಕ್ಕ, ಮ್ಯಾಚ್ ಏನಾಯ್ತೇ ಕೊನೆಗೆ?" ಎಂದು ದಿಂಬಿನೊಳಗಿಂದ ಸುನಿಲ್ ಒಂದು ದಿನ ಕೇಳಿದ.

"ಒಂಬತ್ತು ಗೋಲು ತಿಂದ್ರಂತೆ. ಪುಟ್ಟಸ್ವಾಮಣ್ಣಂಗೆ ಪ್ಯಾಡ್ ಬಿಚ್ಚೋಕೆ ಕಡಕೊಳದೋರೇ ಬಂದ್ರಂತೆ."

ದಿಂಬು ನಗುವಿಗೆ ಅಲುಗಾಡಿತು. ಅವಳೂ ನಕ್ಕಳು. ಸೋತದ್ದಕ್ಕೆ ಅವಳು ನಕ್ಕದ್ದು ಆ ಮನೆಯಲ್ಲಿ ಅದೇ ಮೊದಲು.

ಕೊನೆಯ ತಪಾಸಣೆಯ ದಿನ ಡಾಕ್ಟರು ಕಣ್ಣು ಉಳಿದಿದೆ ಎಂದರು. ಸುನಿಲ್ ಪುಟ್ಟಸ್ವಾಮಿಯ ಜೊತೆ ತಂಡದವರನ್ನು ನೋಡಲು ಹೊರಟ. ಹೇಮಶ್ರೀ ಆಸ್ಪತ್ರೆಯ ಹೊರಗೆ, ಸ್ಕೂಟಿಯ ಹತ್ತಿರ ಕಾದು ನಿಂತಳು. ರವಿಚಂದ್ರ ಹೊರಗೆ ಬಂದ.

"ಅವತ್ತು ಎಲ್ಲರ ಮುಂದೆ ಹಂಗಂದೆ. ತಪ್ಪಾಯ್ತು" ಅಂದಳು.

"ಅಂದಿದ್ರಲ್ಲಿ ಸ್ವಲ್ಪ ನಿಜ ಇತ್ತು ಬಿಡಿ. ನಾನೂ ಒಂದ್ ಸುಳ್ಳು ಹೇಳಿದೀನಿ."

ಅವಳ ಹುಬ್ಬು ತಾನಾಗಿ ಗಂಟಿಕ್ಕಿತು. "ಏನದು?"

"ಯಾರೋ ಕಷ್ಟದಲ್ಲಿದಾರೆ ಅನ್ಕೊಂಡ್ ಬಂದೆ ಅಂದಿದ್ದು ಮೊದಲನೇ ಸಲಕ್ಕೆ ಮಾತ್ರ ನಿಜ. ಎರಡನೇ ಸಲ ಯಾರೂ ಕಷ್ಟದಲ್ಲಿಲ್ಲ ಅಂತ ಗೊತ್ತಿತ್ತು. ನನ್ಗೆ ಇವತ್ತಿಗೂ ಹಾಕಿ ಅರ್ಥ ಆಗಲ್ಲ ಹೇಮಾ. ನೀವು ಎದ್ದು ನಿಂತ್ಕೊಂಡಾಗ ಏನೋ ಒಳ್ಳೇದಾಯ್ತು ಅನ್ಕೊಂಡು ತಟ್ತಿದ್ದೆ."

ಹೇಮಾ. ಅವಳು ಆ ಎರಡಕ್ಷರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲಿಯೂ ಕುಂದು ಕಾಣಲಿಲ್ಲ.

"ಇದನ್ನ ನಮ್ಮಮ್ಮನ್ ಮುಂದೆ ಹೇಳ್ತೀರಾ?"

"ಯಾವಾಗ?"

"ಈಗ. ನಾಳೆ ಹೊತ್ಗೆ ನಂಗೆ ಮತ್ತೆ ಏನಾದ್ರೂ ಡೌಟ್ ಬಂದ್ಬುಟ್ರೆ?"

ರವಿಚಂದ್ರ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಸ್ಕೂಟಿಯಲ್ಲಿ ಅವಳ ಹಿಂದೆ ಹತ್ತಿ ಕೂತ.

ಮೇಟಗಳ್ಳಿಯ ದಾರಿಯಲ್ಲಿ ಸಂಜೆ ಶಿಫ್ಟ್ ಬಿಟ್ಟ ಜನ ತುಂಬಿದ್ದರು. ಕನ್ನಡಿಯಲ್ಲಿ ಅವಳಿಗೆ ಅವನ ಅರ್ಧ ಮುಖ ಕಾಣುತ್ತಿತ್ತು. ಅವನ ಕೈ ಎಲ್ಲಿರಬೇಕೆಂದು ತಿಳಿಯದೆ ಮೊಣಕಾಲಿನ ಮೇಲೆ ಚಡಪಡಿಸುತ್ತಿತ್ತು. ಹಂಪ್ ಬಂತು. ಸ್ಕೂಟಿ ಎಗರಿತು. ಆ ಕೈ ಅವಳ ಭುಜ ಹಿಡಿಯಿತು, ತಕ್ಷಣ "ಸಾರಿ" ಎಂದು ಹಿಂದೆ ಹೋಯಿತು.

ಮುಂದಿನ ಹಂಪ್ ಕಂಡಾಗ ಹೇಮಶ್ರೀ ಬ್ರೇಕ್ ಹಿಡಿಯಲಿಲ್ಲ.