ಹೆಸರು ಹೇಳದ ಮನುಷ್ಯ

ಆರನೇ ನಂಬರಿನ ಕೋಣೆಯ ಬಾಗಿಲು ತಟ್ಟಿ ತಟ್ಟಿ ಸಾಕಾಗಿ ಕಸ ಗುಡಿಸುವ ಹೆಂಗಸು ಒಳಗೆ ಇಣುಕಿದಳು. ಬೆಳಿಗ್ಗೆ ಆರೂ ಮುಕ್ಕಾಲು. ನೆಲದ ಮೇಲೆ ಲಾಮೆಕ್ ಕುಂವೆಂಡಾ ಅಂಗಾತ ಬಿದ್ದಿದ್ದ. ಎಡಗಿವಿಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಅವಳ ಕಿರುಚಾಟಕ್ಕೆ ಇಡೀ ಲಾಡ್ಜ್ ಎದ್ದು ಕೂತಿತು.

ಏಳು ಗಂಟೆಗೆ ಇನ್‌ಸ್ಪೆಕ್ಟರ್ ತೆರೆಜಾ ಕಲಿರಾನಿ ಬಂದಳು. ಐವತ್ತು ದಾಟಿದ ಹೆಂಗಸು. ಚಿಲೊಂಬೆ ಠಾಣೆಯಲ್ಲಿ ಅವಳಿಗೆ ಹನ್ನೊಂದನೇ ವರ್ಷ. ಸರೋವರದ ದಡದ ಈ ಪುಟ್ಟ ಊರಿನಲ್ಲಿ ಬಲೆ ಕಳವು, ಕುಡಿದವರ ಹೊಡೆದಾಟ ಬಿಟ್ಟರೆ ಹೆಚ್ಚೇನೂ ನಡೆಯುತ್ತಿರಲಿಲ್ಲ. ಕೊಲೆ ಅಪರೂಪ. ಅದೂ ಇಂಥ ದಿನ.

ಅವತ್ತು ಗುರುವಾರ. ಮುಂದಿನ ಮಂಗಳವಾರ ಅಧ್ಯಕ್ಷರ ಚುನಾವಣೆ. ಹತ್ತು ಗಂಟೆಗೆ ಫುಟ್‌ಬಾಲ್ ಮೈದಾನದಲ್ಲಿ ವೆಡ್ಸನ್ ಚಿಕಾಫಾ ಅವರ ಭಾಷಣ. ದೇಶದ ಮುಂದಿನ ಅಧ್ಯಕ್ಷರು ಅವರೇ ಎಂದು ಮೀನು ಮಾರುವವರಿಂದ ಹಿಡಿದು ಬಿಷಪ್ಪರವರೆಗೆ ಎಲ್ಲರೂ ನಂಬಿದ್ದರು. ಸತ್ತವನು ಅವರ ಆಪ್ತ ಕಾರ್ಯದರ್ಶಿ.

"ಎದುರು ಪಾರ್ಟಿಯೋರ ಕೆಲಸ ಮೇಡಂ," ಎಂದ ರೊಡ್ರಿಕ್ ಸಿಂಬೇಯೆ. ಚಿಕಾಫಾ ಅವರ ಪ್ರಚಾರದ ಉಸ್ತುವಾರಿ ಅವನದು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು. "ನಮ್ಮ ಗುಟ್ಟು ಕದಿಯೋಕೆ ಬಂದಿದ್ರು. ನೋಡಿ, ಕೋಣೆ ಹೇಗೆ ಕೆದಕಿದಾರೆ."

ಕೋಣೆಯನ್ನು ಕೆದಕಿದ್ದು ನಿಜ. ಹಾಸಿಗೆ ಮಗುಚಿತ್ತು. ಚೀಲದ ಬಟ್ಟೆಗಳು ಚೆಲ್ಲಾಡಿದ್ದವು. ತೆರೆಜಾ ಸುಮ್ಮನೆ ನಿಂತು ನೋಡಿದಳು.

"ಫೋನು ಇದೆ. ವಾಚು ಇದೆ. ರೇಡಿಯೋ ಇದೆ," ಎಂದಳು. "ಏನು ಹೋಗಿದೆ?"

"ಅವನ ನೋಟ್‌ಬುಕ್ಕು. ಯಾವಾಗಲೂ ಜೇಬಲ್ಲೇ ಇರ್ತಿತ್ತು."

"ಶೂ?"

ಸಿಂಬೇಯೆ ಕಣ್ಣು ಮಿಟುಕಿಸಿದ. "ಏನು?"

"ಇವರ ಶೂ ಎಲ್ಲಿ? ಕಾಲುಚೀಲ ಇದೆ, ಶೂ ಇಲ್ಲ."

"ಬಂದೋನು ಕಳ್ಳನೇ ತಾನೆ ಮೇಡಂ. ಸಿಕ್ಕಿದ್ದು ಹೊತ್ಕೊಂಡು ಹೋಗಿರ್ತಾನೆ."

ಫೋನು ಬಿಟ್ಟು ಹಳೇ ಶೂ ಹೊತ್ತೊಯ್ಯುವ ಕಳ್ಳನನ್ನು ತೆರೆಜಾ ಇನ್ನೂ ಕಂಡಿರಲಿಲ್ಲ. ನೆಲಕ್ಕೆ ಕೂತಳು. ತಲೆಯ ಕೆಳಗಿನ ಸಿಮೆಂಟು ಒಣಗಿತ್ತು. ಇಷ್ಟು ರಕ್ತ ಹೋದವನ ಕೆಳಗೆ ಒಂದು ಹನಿಯೂ ಇಲ್ಲ. ಗಾಯ ದುಂಡಗಿತ್ತು, ಸೀಸೆಯ ಮುಚ್ಚಳದಷ್ಟು. ಎಡಗೈ ಮುಷ್ಟಿಯಾಗಿತ್ತು. ಬೆರಳು ಒಂದೊಂದಾಗಿ ಬಿಡಿಸಿದಳು.

ಅಂಗೈ ತುಂಬ ನೀಲಿ ಪೆನ್ನಿನ ಬರಹ, ಅವನ ಕಡೆಯಿಂದ ತಲೆಕೆಳಗು.

"ಊರು ಚಿಲೊಂಬೆ. ಇವತ್ತು ಗುರುವಾರ. ಹಸಿರು ಬಟ್ಟೆಯವರು, ಊರ ಮುಖ್ಯಸ್ಥರ ತಂಗಿ. ಹೆಂಡತಿ, ಫಿಲೆಸಿ."

"ಇವರಿಗೆ ಮದುವೆ ಆಗಿತ್ತಾ?" ಎಂದು ತೆರೆಜಾ ಕೇಳಿದಳು.

"ಲಾಮೆಕ್‌ಗಾ? ಇಲ್ಲ. ತಾಯಿ ಒಬ್ಬರೇ."

"ಮತ್ತೆ ಫಿಲೆಸಿ ಯಾರು?"

ಸಿಂಬೇಯೆ ಫೋನು ನೋಡತೊಡಗಿದ. ಬಾಗಿಲಲ್ಲಿ ನಿಂತಿದ್ದ ಕಾನ್ಸ್‌ಟೇಬಲ್ ಜಾಫಾಲಿ ಗಂಟಲು ಸರಿಮಾಡಿಕೊಂಡ. "ಅಮ್ಮ, ಫಿಲೆಸಿ ಅಂದ್ರೆ ಚಿಕಾಫಾ ಯಜಮಾನರ ಮನೆಯೋರು."

* * *

ಜಾಫಾಲಿ ಆಗಲೇ ಒಬ್ಬನನ್ನು ಹಿಡಿದಿದ್ದ. ಲಾಡ್ಜಿನ ಕಾವಲುಗಾರ ಸೈದಿ. ಅಂಗಿಯ ತೋಳಿನಲ್ಲಿ ರಕ್ತ ಇತ್ತು. ತೋರಿಸಿಕೊಟ್ಟವನು ಸಿಂಬೇಯೆ.

"ಕೋಳಿ ರಕ್ತ ಅಮ್ಮ!" ಸೈದಿ ತೋಳು ಮುಂದೆ ಚಾಚಿದ. "ದೊಡ್ಡೋರ ಕಡೆಯೋರು ನಲವತ್ತು ಜನ. ಬೆಳಕು ಹರಿಯೋ ಹೊತ್ತಿಗೆ ಹನ್ನೆರಡು ಕೋಳಿ ಕುಯ್ದಿದೀನಿ. ಅಡುಗೆಯೋಳನ್ನ ಕೇಳಿ."

ಅಡುಗೆಯವಳು ಪುಕ್ಕದ ರಾಶಿ ತೋರಿಸಿ, "ಇವನಾ? ಕೋಳಿ ಕುಯ್ಯೋವಾಗ್ಲೂ ಕಣ್ಣು ಮುಚ್ಕೋತಾನೆ. ಇವನು ಮನುಷ್ಯನ್ನ ಕೊಲ್ತಾನಾ?" ಎಂದು ನಕ್ಕಳು.

ತೆರೆಜಾ ಸೈದಿಯನ್ನು ಪಕ್ಕಕ್ಕೆ ಕರೆದಳು. "ಅಡುಗೆಮನೆ ಹಿಂದೇನೇ ಚಿಕಾಫಾ ಅವರ ಕಾಟೇಜು. ಏನಾದ್ರೂ ಕೇಳಿಸ್ತಾ?"

"ಏನಿಲ್ಲ ಅಮ್ಮ. ಲಾಮೆಕ್ ಟೀ ತಗೊಂಡು ಹೋದ್ರು, ದಿನಾ ಅವರೇ ಕೊಡೋದಂತೆ. ಆಮೇಲೆ ದೊಡ್ಡೋರು ಭಾಷಣ ಪ್ರಾಕ್ಟೀಸ್ ಮಾಡ್ತಿದ್ರು."

"ಯಾವ ಭಾಷಣ?"

"ಅದೇ, ಎಲ್ಲಾರಿಗೂ ಗೊತ್ತಿರೋದು. 'ಹೇಳಲ್ಲ! ಕೊಂದ್ರೂ ಹೆಸರು ಹೇಳಲ್ಲ!' ಅಂತ. ಏನು ಗಂಟಲು ಅಂತೀರಿ. ನನಗೆ ಮೈ ಜುಮ್ಮಂತು."

ಆ ಮಾತು ದೇಶಕ್ಕೆಲ್ಲ ಗೊತ್ತಿತ್ತು. ಐವತ್ತು ವರ್ಷಗಳ ಹಿಂದೆ, ಒಂದೇ ಪಕ್ಷದ ಆ ಕಾಲದಲ್ಲಿ, ಇಪ್ಪತ್ತೆರಡರ ಹುಡುಗ ಚಿಕಾಫಾನನ್ನು ಸೆರೆಮನೆಗೆ ಹಾಕಿದ್ದರು. ದಿನಾ ಮುಂಜಾನೆ ಒಬ್ಬ ಅಧಿಕಾರಿ ಟೀ ಹಿಡಿದುಕೊಂಡು ಬಂದು ಗೆಳೆಯರ ಹೆಸರು ಕೇಳುತ್ತಿದ್ದ. ಆಮೇಲೆ ಹೊಡೆತ. ಹದಿನಾಲ್ಕು ತಿಂಗಳು ಒಂದು ಹೆಸರನ್ನೂ ಅವರು ಬಾಯಿಬಿಡಲಿಲ್ಲ. ಅದನ್ನೇ ಪೋಸ್ಟರಿನಲ್ಲಿ ಅಚ್ಚು ಹಾಕಿಸಿದ್ದರು: "ಹೆಸರು ಹೇಳದ ಮನುಷ್ಯ". ಚಿತ್ರದಲ್ಲಿ ಬಿಳಿಗೂದಲಿನ ಮುದುಕ, ಕೈಯಲ್ಲಿ ಹಿತ್ತಾಳೆ ಗುಬಟಿನ ಕರಿಮರದ ಕೋಲು.

ತೆರೆಜಾಳ ತಂದೆಯೂ ಅದೇ ಸೆರೆಮನೆಯಲ್ಲಿದ್ದವರು. ಚಿಕಾಫಾ ಹೇಳದೆ ಉಳಿಸಿದ ಹೆಸರುಗಳಲ್ಲಿ ತನ್ನ ಅಣ್ಣನದೂ ಒಂದು ಎಂದು ಸಾಯುವವರೆಗೂ ಹೇಳುತ್ತಿದ್ದರು. ಅವಳ ಓಟು ಯಾರಿಗೆಂದು ಅವಳಿಗೆ ಯಾವತ್ತೂ ಅನುಮಾನ ಇರಲಿಲ್ಲ.

ಈಗ ಅವಳು ಕಾಟೇಜಿನ ಕಡೆ ತಿರುಗಿ ನೋಡಿದಳು.

* * *

ಮೈದಾನ ಕಿಕ್ಕಿರಿದಿತ್ತು. ಹೆಂಗಸರು ಚಿಕಾಫಾ ಮುಖ ಅಚ್ಚಾದ ಬಟ್ಟೆ ಸುತ್ತಿಕೊಂಡು ಕುಣಿಯುತ್ತಿದ್ದರು. ತೆರೆಜಾ ವೇದಿಕೆಯ ಪಕ್ಕದಲ್ಲೇ ನಿಂತಳು.

ಮುದುಕರು ಬಂದರು. ಕೈಯಲ್ಲಿ ಕೋಲಿಲ್ಲ. ಹೆಂಡತಿಯ ತೋಳು ಹಿಡಿದಿದ್ದರು. ಬೆನ್ನ ಹಿಂದೆ ಸಿಂಬೇಯೆ.

ಸೆರೆಮನೆಯ ಕಥೆ ಶುರುವಾದ ಮೇಲೆ ಅವರ ಬೆನ್ನು ನೆಟ್ಟಗಾಯಿತು. ಒಂದು ಶಬ್ದ ತಪ್ಪಲಿಲ್ಲ. ಜನ ಅತ್ತರು. ತೆರೆಜಾಳ ಕಣ್ಣಲ್ಲೂ ನೀರು ಬಂತು. ಆಮೇಲೆ ಅವರು ವೇದಿಕೆಯ ಮುಂದೆ ಕೂತಿದ್ದ ಊರ ಮುಖ್ಯಸ್ಥರತ್ತ ತಿರುಗಿದರು.

"ನಿಮ್ಮಪ್ಪ ಹೇಗಿದಾರೆ? ಬರ್ಲಿಲ್ವಾ?"

ಮುಖ್ಯಸ್ಥರ ತಂದೆ ಸತ್ತು ಮೂವತ್ತು ವರ್ಷ. ಸಿಂಬೇಯೆ ಬಗ್ಗಿ ಏನೋ ಪಿಸುಗುಟ್ಟಿದ. ಮುದುಕರು ಬೆಚ್ಚಿ ಅವನನ್ನು ದೂರ ತಳ್ಳಿದರು. ಕ್ಷಣ ಕಾಲ ಅವರ ಮುಖದಲ್ಲಿ ಬರೀ ಭಯ ಇತ್ತು. ಫಿಲೆಸಿ ತಟ್ಟನೆ ಹಾಡು ಎತ್ತಿದರು. ಜನ ನಕ್ಕು ಚಪ್ಪಾಳೆ ಹೊಡೆದು ಹಾಡಿಗೆ ದನಿ ಸೇರಿಸಿದರು.

"ವಯಸ್ಸಾಯ್ತಲ್ಲ, ಪಾಪ," ಎಂದಳು ಪಕ್ಕದ ಮೀನಿನವಳು.

"ಪಾಪ ಏನು ಬಂತು?" ಎಂದ ಅವಳ ಗಂಡ. "ಮರೆವು ಒಳ್ಳೇದೇ ಕಣೆ. ಉಳಿದೋರು ಕದಿಯೋದು ಮಾತ್ರ ಮರೆಯಲ್ಲ. ಇವರು ಅದನ್ನೂ ಮರೀತಾರೆ!"

ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

* * *

ಮಧ್ಯಾಹ್ನ ತೆರೆಜಾ ಕಾಟೇಜಿನ ಬಾಗಿಲಿಗೆ ಬಂದಳು. ಹಿರಿಯರ ಕೋಣೆ. ಹೊಸ್ತಿಲ ಹೊರಗೆ ಶೂ ಬಿಟ್ಟಳು. ಅಲ್ಲಿ ಆಗಲೇ ನಾಲ್ಕು ಜೊತೆ ಇದ್ದವು.

ಒಳಗೆ ಮೂವರೇ ಇದ್ದರು. ಚಿಕಾಫಾ ಕುರ್ಚಿಯಲ್ಲಿ. ಫಿಲೆಸಿ ಅವರಿಗೆ ಜೋಳದ ಮುದ್ದೆ ಮುರಿದು ಮೀನಿನ ಸಾರಿಗೆ ಅದ್ದಿ ಕೊಡುತ್ತಿದ್ದರು. ಸಿಂಬೇಯೆ ಕಿಟಕಿಯ ಹತ್ತಿರ.

"ಹೊರಗೆ ನಾಲ್ಕು ಜೊತೆ ಇದೆ. ಒಳಗೆ ಮೂರೇ ಜನ," ಎಂದಳು ತೆರೆಜಾ. "ಆ ಕಪ್ಪು ಶೂ ಯಾರದು?"

"ಯಜಮಾನರದು," ಎಂದ ಸಿಂಬೇಯೆ.

"ಅವರದು ಅದರ ಪಕ್ಕದ ದೊಡ್ಡದು. ಈ ಕಪ್ಪು ಶೂ ಅವರ ಪಾದದ ಅರ್ಧಕ್ಕೂ ಹಿಡಿಯಲ್ಲ. ಲಾಮೆಕ್‌ದು ಅದು. ಬೆಳಿಗ್ಗೆ ಟೀ ತಂದಾಗ ಬಾಗಿಲಲ್ಲಿ ಬಿಟ್ಟ. ಹೆಣ ಆರನೇ ನಂಬರಿಗೆ ಹೊತ್ಕೊಂಡು ಹೋದೋರಿಗೆ ಶೂ ನೆನಪಾಗ್ಲಿಲ್ಲ. ನಿಮ್ಮ ಶೂಗಳ ಮಧ್ಯೆ ಕಣ್ಣಿಗೂ ಬೀಳ್ಲಿಲ್ಲ."

ಸಿಂಬೇಯೆ ಬಾಯಿ ತೆರೆದ. ಫಿಲೆಸಿ ಕೈ ಎತ್ತಿ ತಡೆದರು.

"ಅಮಾಯಿ, ಕೋಲು ಎಲ್ಲಿ?" ತೆರೆಜಾಳ ದನಿ ತಗ್ಗಿತು. ದೇಶದಲ್ಲಿ ಎಲ್ಲರೂ ಫಿಲೆಸಿಯನ್ನು ಹೆಸರು ಹಿಡಿಯದೆ ಹಾಗೇ, ತಾಯಿ ಎಂದೇ ಕರೆಯುತ್ತಿದ್ದರು.

ಫಿಲೆಸಿ ಎದ್ದು ಹಾಸಿಗೆಯ ಅಡಿಯಿಂದ ಕೋಲು ತೆಗೆದು ಕೊಟ್ಟರು. ತೊಳೆದಿದ್ದರು. ಮರ ಇನ್ನೂ ತೇವವಾಗಿತ್ತು. ಗುಬಟು ದುಂಡಗೆ, ಸೀಸೆಯ ಮುಚ್ಚಳದಷ್ಟು.

"ಅಂಗೈ ನೋಡಿದಾಗಲೇ ನನಗೆ ಅನುಮಾನ ಬಂತು," ಎಂದಳು ತೆರೆಜಾ. "ಅಕ್ಷರ ಅವನ ಕಡೆಗಿರಲಿಲ್ಲ. ಕೈ ಚಾಚಿದ್ರೆ ಎದುರಿಗಿದ್ದೋರು ಓದೋ ಹಾಗೆ, ತಲೆಕೆಳಗಾಗಿ ಬರ್ದಿದ್ದ. ಅಂದ್ರೆ ಇನ್ಯಾರೋ ಓದ್ಬೇಕಿತ್ತು. ಹೆಂಡತಿ ಫಿಲೆಸಿ ಅಂತ ಯಾರಿಗೆ ಓದಿ ತಿಳ್ಕೋಬೇಕು? ಗಂಡನಿಗೆ. ಎಷ್ಟು ದಿನದಿಂದ ಹೀಗಿದೆ?"

"ಎರಡು ವರ್ಷ," ಎಂದರು ಫಿಲೆಸಿ. "ನಲವತ್ತೈದು ವರ್ಷ ಜೊತೆಗೆ ಬಾಳಿದೀನಿ. ಈಗ ಬೆಳಿಗ್ಗೆ ಎದ್ದು ಯಾರಮ್ಮ ನೀನು ಅಂತಾರೆ."

"ಆದ್ರೂ ಅಧ್ಯಕ್ಷರಾಗ್ಬೇಕಾ?"

"ನಾನು ಬೇಡ ಅಂದೆ. ಇವರ ಹೆಸರಿಲ್ಲದಿದ್ರೆ ಪಾರ್ಟಿ ಇಲ್ಲ ಅಂದ್ರು." ಅವರು ಸಿಂಬೇಯೆಯ ಕಡೆ ನೋಡಲಿಲ್ಲ. "ಲಾಮೆಕ್ ಒಬ್ಬನೇ ಇವರನ್ನ ಪ್ರೀತಿಯಿಂದ ನೋಡ್ಕೊಂಡಿದ್ದು. ದಿನಾ ಬೆಳಿಗ್ಗೆ ಟೀ ತಂದು ಪಾಠ ಹೇಳೋನು. 'ಯಜಮಾನ್ರೇ, ಇವರ ಹೆಸರು ಹೇಳಿ, ಅವರ ಹೆಸರು ಹೇಳಿ' ಅಂತ. ಇವತ್ತು ನಾನು ಸ್ನಾನಕ್ಕೆ ಹೋಗಿದ್ದೆ. ಕೂಗು ಕೇಳಿ ಬಂದೆ. ಅಷ್ಟರಲ್ಲಿ..." ಅವರು ಗಂಡನ ತುಟಿಗಂಟಿದ ಸಾರು ಒರೆಸಿದರು.

ತೆರೆಜಾ ಮುಗಿಸಿದಳು. ಮುಗಿಸದೆ ವಿಧಿಯಿರಲಿಲ್ಲ. "ಕೋಣೆ ಹೊಸದು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎದುರಿಗೆ ಒಬ್ಬ ಗಂಡಸು, ಕೈಯಲ್ಲಿ ಟೀ. ಹೆಸರು ಹೇಳಿ ಅಂತಾನೆ. ಇವರು ಈ ಲಾಡ್ಜಲ್ಲಿ ಇರ್ಲೇ ಇಲ್ಲ. ಐವತ್ತು ವರ್ಷ ಹಿಂದಿನ ಸೆರೆಮನೇಲಿದ್ರು. 'ಕೊಂದ್ರೂ ಹೆಸರು ಹೇಳಲ್ಲ' ಅಂತ ಕೂಗಿದ್ದು ಸೈದಿಗೆ ಕೇಳಿದೆ. ಭಾಷಣ ಅನ್ಕೊಂಡ. ಆವಾಗ ಸೆರೆಮನೇಲಿ ಇವರ ಕೈಯಲ್ಲಿ ಏನೂ ಇರ್ಲಿಲ್ಲ. ಈ ಸಲ ಕೋಲಿತ್ತು. ಆಮೇಲೆ ಹೆಣ ಸಾಗಿಸಿದ್ದು, ಕೋಣೆ ಕೆದಕಿದ್ದು, ಪಾಠ ಬರ್ದಿದ್ದ ನೋಟ್‌ಬುಕ್ಕು ತೆಗೆದಿದ್ದು ನೀವು, ಸಿಂಬೇಯೆ. ಪಾಪದ ಕಾವಲುಗಾರನನ್ನ ತೋರ್ಸಿದ್ದೂ ನೀವೇ."

ಸಿಂಬೇಯೆ ಎರಡೂ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

ತೆರೆಜಾ ಮುದುಕರ ಮುಂದೆ ಮಂಡಿಯೂರಿ ಕೂತಳು. "ಯಜಮಾನ್ರೇ. ಲಾಮೆಕ್ ಯಾರು ಗೊತ್ತಾ?"

ಅವರು ಅವಳ ಸಮವಸ್ತ್ರವನ್ನು ನೋಡಿದರು. ಗುಂಡಿಗಳನ್ನು, ಭುಜದ ಪಟ್ಟಿಯನ್ನು ನೋಡಿದರು. ಕೈಯಲ್ಲಿದ್ದ ತುತ್ತು ಕೆಳಗೆ ಬಿತ್ತು. ತುಟಿ ಬಿಗಿಯಾಯಿತು.

"ನನಗೆ ಯಾರ ಹೆಸರೂ ಗೊತ್ತಿಲ್ಲ," ಎಂದರು. "ಬೇಕಾದ್ರೆ ಹೊಡೀರಿ."

ತೆರೆಜಾ ಬಿದ್ದ ತುತ್ತನ್ನು ತಟ್ಟೆಗೆ ಎತ್ತಿಟ್ಟು ಎದ್ದು ನಿಂತಳು.

"ಏನ್ ಮಾಡ್ತೀರಿ ಮೇಡಂ?" ಎಂದ ಸಿಂಬೇಯೆ, ಮೆಲ್ಲಗೆ. "ಬುದ್ಧಿ ಸ್ಥಿಮಿತ ಇಲ್ಲ ಅಂದ್ರೆ ಕೋರ್ಟಲ್ಲಿ ನಿಲ್ಲಿಸೋಕಾಗಲ್ಲ. ಇದೆ ಅಂದ್ರೆ ಮಂಗಳವಾರ ಗೆಲ್ತಾರೆ. ಓಟಿನ ಚೀಟಿ ಆಗ್ಲೇ ಅಚ್ಚಾಗಿದೆ. ಯಾವುದು ಬೇಕೋ ಆರಿಸ್ಕೊಳ್ಳಿ."

ಅವಳು ಅವನ ಕೈಗೆ ಬೇಡಿ ಹಾಕಿದಳು. ಆ ಮಧ್ಯಾಹ್ನ ಅವಳ ಕೈಲಾದದ್ದು ಅಷ್ಟೇ.

* * *

ಸೈದಿ ಮನೆಗೆ ಹೋದ. ಸಿಂಬೇಯೆ ಶುಕ್ರವಾರ ಜಾಮೀನಿನ ಮೇಲೆ ಹೊರಬಂದ. ತೆರೆಜಾ ಇಪ್ಪತ್ತು ಪುಟದ ವರದಿ ಬರೆದಳು. ವೈದ್ಯರು ಪರೀಕ್ಷಿಸಲಿ ಎಂದು ಕೇಳಿಕೊಂಡಳು. ಅಭ್ಯರ್ಥಿ ಪ್ರವಾಸದಲ್ಲಿದ್ದಾರೆ, ಚುನಾವಣೆ ಮುಗಿಯಲಿ ಎಂದು ಅವರ ವಕೀಲರು ಉತ್ತರ ಬರೆದರು. ಶನಿವಾರ ಅವಳೇ ರೇಡಿಯೋಗೆ ಹೋಗಿ ಎಲ್ಲವನ್ನೂ ಹೇಳಿದಳು. ಗುಟ್ಟು ಬಯಲಾದರೆ ಏನಾದರೂ ಆಗುತ್ತದೆ ಎಂದು ನಂಬಿದ್ದಳು.

ಏನೂ ಆಗಲಿಲ್ಲ. ಎದುರು ಪಾರ್ಟಿಯವರು ಅವಳನ್ನು ಕೊಂಡುಕೊಂಡಿದ್ದಾರೆ ಎಂದರು ಕೆಲವರು. ಅಂಥ ಮನುಷ್ಯನ ಮೇಲೆ ಕೆಸರು ಎರಚಲು ನಾಚಿಕೆಯಾಗಲ್ವಾ ಎಂದು ಚರ್ಚಿನಲ್ಲಿ ಪಕ್ಕ ಕೂತಿದ್ದವರು ಜಾಗ ಬದಲಿಸಿದರು. ನಂಬಿದವರೂ ಇದ್ದರು. ಅವರು ಭುಜ ಕುಣಿಸಿ, "ಮತ್ತೆ ಇನ್ಯಾರಿಗೆ ಹಾಕೋದು? ಆ ಇನ್ನೊಬ್ಬನಿಗಾ?" ಎಂದರು.

ಮಂಗಳವಾರ ತೆರೆಜಾ ಓಟು ಹಾಕಲು ಹೋಗಲಿಲ್ಲ. ಚಿಕಾಫಾ ಗೆದ್ದರು. ಪ್ರಮಾಣವಚನ ಆಯಿತು. ಅಧಿಕಾರದಲ್ಲಿರುವ ಅಧ್ಯಕ್ಷರ ಮೇಲೆ ಮೊಕದ್ದಮೆ ಹೂಡಲು ಕಾನೂನು ಬಿಡುವುದಿಲ್ಲ. ಸರ್ಕಾರಿ ವಕೀಲರು ಎರಡು ಸಾಲಿನ ಕಾಗದ ಬರೆದು ಕಡತ ವಾಪಸು ಕಳಿಸಿದರು.

ಮರುದಿನ ಅವಳು ಲಾಮೆಕ್‌ನ ಊರಿಗೆ ಹೋದಳು. ಬಸ್ಸಿಳಿದು ಎರಡು ತಾಸು ನಡಿಗೆ. ಅವನ ತಾಯಿ ಚಪ್ಪರದ ಮೇಲೆ ಸಣ್ಣ ಮೀನು ಒಣಹಾಕುತ್ತಿದ್ದಳು. ತೆರೆಜಾ ಅವಳ ಪಕ್ಕ ಚಾಪೆಯ ಮೇಲೆ ಕೂತು ಒಂದನ್ನೂ ಬಿಡದೆ ಹೇಳಿದಳು. ಮುದುಕಿ ಮೀನು ಮಗುಚಿ ಹಾಕುತ್ತ ಕೇಳಿಸಿಕೊಂಡಳು.

"ನನ್ನ ಮಗ ಅಂತ ಅವರಿಗೆ ಗೊತ್ತಾಗ್ಲಿಲ್ಲ ಅಲ್ವಾ?" ಎಂದಳು ಕೊನೆಗೆ.

"ಇಲ್ಲಮ್ಮ."

"ಈಗ ಗೊತ್ತಾ?"

"ಇಲ್ಲ."

ಮುದುಕಿ ಮೀನಿನ ಮೇಲಿನ ನೊಣ ಓಡಿಸಿದಳು. ಅವಳ ಬೆರಳ ತುದಿಯಲ್ಲಿ ಓಟಿನ ಶಾಯಿ ಇನ್ನೂ ಕಪ್ಪಗಿತ್ತು. ತೆರೆಜಾ ಅದನ್ನು ನೋಡಿದ್ದು ಅವಳಿಗೆ ಗೊತ್ತಾಯಿತು.

"ಮಣ್ಣು ಮಾಡಿ ಮೂರು ದಿನಕ್ಕೆ ಹೋಗಿ ಅವರಿಗೇ ಹಾಕ್ಬಂದೆ," ಎಂದಳು. "ಫೋನ್ ಮಾಡಿದಾಗೆಲ್ಲ ಅದೇ ಹೇಳ್ತಿದ್ದ. ಅಮ್ಮ, ಯಜಮಾನರಿಗೆ ಹಾಕೋದು ಮರೀಬೇಡ ಅಂತ."