ಹಿಮಗೂಡಿನಿಂದ ಕಾಣೆಯಾದ ಕೂಸು

ಪೀಪಾಯಿಯ ಮುಚ್ಚಳ ತೆಗೆದಾಗ ಬಿಳಿ ಹೊಗೆ ಎದ್ದಿತು. ಅಂಚು ದಾಟಿ ಇಳಿದು, ನೆಲದ ಮೇಲೆ ಹರಿದು, ನಿಂತಿದ್ದ ಇಬ್ಬರ ಪಾದಗಳನ್ನೂ ಮುಚ್ಚಿತು. ಲ್ಯಾಬಿನ ತಂತ್ರಜ್ಞೆ ಒಳಗಿನ ಡಬ್ಬಿಯನ್ನು ತುಸುವೇ ಮೇಲೆತ್ತಿ ಬಗ್ಗಿ ನೋಡಿದಳು. ಮತ್ತೊಮ್ಮೆ ನೋಡಿದಳು. ಇಕ್ಕಳ ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

“ಮೇಷ್ಟ್ರೇ, ಇಲ್ಲ.”

“ಏನಿಲ್ಲ?”

“ಸ್ಟ್ರಾ ಇಲ್ಲ. ಜಾಗ ಖಾಲಿ ಇದೆ.”

ಅದು ಮಕ್ಕಳಿಲ್ಲದವರು ಮಕ್ಕಳನ್ನು ಬೇಡಿಕೊಂಡು ಬರುವ ಆಸ್ಪತ್ರೆ. ಪೀಪಾಯಿಯ ತುಂಬ ದ್ರವ ನೈಟ್ರೋಜನ್. ಅದರಲ್ಲಿ, ಬೆಂಕಿಕಡ್ಡಿಗಿಂತ ತೆಳ್ಳಗಿನ ಕೊಳವೆಗಳೊಳಗೆ, ಇನ್ನೂ ಹುಟ್ಟದ ನೂರಾರು ಭ್ರೂಣಗಳು ಹೆಪ್ಪುಗಟ್ಟಿ ಮಲಗಿದ್ದವು. ಆ ಕೊಳವೆಗೇ ಲ್ಯಾಬಿನವರು ಸ್ಟ್ರಾ ಎನ್ನುವುದು. ದೇವರು ಉಸಿರು ಊದುವ ಮುಂಚೆ ಜೀವಗಳನ್ನು ಎಲ್ಲಾದರೂ ಕೂಡಿಸಿಡುವುದಾದರೆ, ಆ ತಾವು ಹೀಗೇ ಇದ್ದೀತು. ಅಷ್ಟು ತಣ್ಣಗೆ, ಅಷ್ಟು ಮೌನವಾಗಿ.

ಗೋಡೆಯಾಚೆಯ ಕೋಣೆಯಲ್ಲಿ ಒಬ್ಬ ಹೆಂಗಸು ಹಸಿರು ನಿಲುವಂಗಿ ತೊಟ್ಟು, ತಲೆಗೆ ಟೋಪಿ ಬಿಗಿದು, ಮಂಚದ ಮೇಲೆ ಕಾಯುತ್ತಿದ್ದಳು. ರೋಗ ಬಂದು ಅವಳ ಅಂಡಾಶಯಗಳನ್ನು ತೆಗೆದು ವರ್ಷಗಳೇ ಆಗಿದ್ದವು. ತೆಗೆಯುವ ಮುನ್ನ ಉಳಿಸಿಕೊಂಡದ್ದು ಒಂದೇ ಒಂದು ಭ್ರೂಣ. ಇನ್ನೊಂದು ಆಗುವ ಹಾಗೇ ಇರಲಿಲ್ಲ. ಈವತ್ತು ಅದನ್ನು ಅವಳ ಒಡಲಿಗೆ ಸೇರಿಸುವ ದಿನ.

ಕಾಣೆಯಾದದ್ದು ಅದೇ.

* * *

ಠಾಣೆಯವರೆಲ್ಲ ಇನ್ಸ್‌ಪೆಕ್ಟರಮ್ಮ ಎಂದೇ ಕರೆಯುತ್ತಿದ್ದ, ದೂರು ಹೋದೊಡನೆ ಬಂದ ಅಧಿಕಾರಿ ಮಾತಿಗಿಂತ ನೋಟವನ್ನು ಹೆಚ್ಚು ನಂಬಿದವಳು. ಜೊತೆಗೆ ಬಂದ ದಫೇದಾರ ಅದಕ್ಕೆ ತದ್ವಿರುದ್ಧ. ಅವನಿಗೆ ಸುಮ್ಮನಿದ್ದರೆ ಉಸಿರು ಕಟ್ಟುತ್ತಿತ್ತು.

ಲ್ಯಾಬಿಗೆ ಹೋಗುವ ಓಣಿಯ ಗೋಡೆಯ ತುಂಬ ಕೂಸುಗಳ ಫೋಟೋ. ಅಲ್ಲಿಂದಲೇ ಹುಟ್ಟಿ ಹೋದ ಮಕ್ಕಳು. ಒಂದರ ಕೆಳಗೂ ಹೆಸರಿಲ್ಲ. ಬರೀ ಕಣ್ಣು, ಸಾಲು ಸಾಲು ಕಣ್ಣು.

“ಎಲ್ಲಾ ನನ್ನನ್ನೇ ನೋಡ್ತಿವೆ ಮೇಡಂ,” ಎಂದ ದಫೇದಾರ. “ಇದಕ್ಕಿಂತ ನಮ್ಮ ಲಾಕಪ್ಪೇ ವಾಸಿ.”

“ನೀವು ಮೀಸೆ ಇಳಿಸಿ. ಮಕ್ಕಳು ಹೆದರ್ತಾವೆ.”

ಒಳಗೆ ಮಂದ ಹಳದಿ ಬೆಳಕು. ಜೋರು ಬೆಳಕು ಭ್ರೂಣಕ್ಕೆ ಒಗ್ಗದಂತೆ. ಪೌಡರು, ಸೆಂಟು, ಏನೂ ಬಳಿದುಕೊಂಡು ಬರುವ ಹಾಗಿಲ್ಲವಂತೆ. ಎಲ್ಲರೂ ತೊಟ್ಟಿಲ ಪಕ್ಕ ನಿಂತವರ ಹಾಗೆ ಪಿಸುಗುಟ್ಟುತ್ತಿದ್ದರು. ಕೇಳಿ ಕೇಳಿ ಇನ್ಸ್‌ಪೆಕ್ಟರಮ್ಮನ ದನಿಯೂ ತಾನಾಗಿ ತಗ್ಗಿತು.

“ಬೀಗದ ಕೈ ಯಾರ ಹತ್ತಿರ?”

“ದೊಡ್ಡ ಡಾಕ್ಟರು, ನಾನು, ಈ ತಂತ್ರಜ್ಞೆ,” ಎಂದರು ಲ್ಯಾಬಿನ ಮುಖ್ಯಸ್ಥರು. ಇಲ್ಲಿ ಕೆಲಸ ಕಲಿತವರೆಲ್ಲ ಅವರ ಕೈಕೆಳಗೇ ಕಲಿತದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರು. ತೆಳ್ಳನೆ ಮೈ, ಸಣ್ಣ ದನಿ. “ಆದರೆ ನಿನ್ನೆ ಸಂಜೆ ಸಾಮಾನು ಒಳಗಿಡೋವಾಗ ಬಾಗಿಲು ತುಂಬಾ ಹೊತ್ತು ತೆರೆದೇ ಇತ್ತು.”

“ಬೇರೆ ಏನಾದರೂ ಕಳೆದಿದೆಯಾ?”

ತಂತ್ರಜ್ಞೆ ಕಪಾಟಿನತ್ತ ತಿರುಗಿದಳು. “ಸಣ್ಣ ಫ್ಲಾಸ್ಕ್ ಒಂದು ಕಾಣ್ತಿಲ್ಲ. ಸ್ಟ್ರಾ ಸಾಗಿಸೋವಾಗ ನೈಟ್ರೋಜನ್ ತುಂಬಿ ಅದರಲ್ಲಿಡ್ತೀವಿ. ಹೊರಗಡೆ ಗಾಳಿ ತಾಗಿದರೆ ಭ್ರೂಣ ಸತ್ತೇಹೋಗುತ್ತೆ.”

“ಅಂದರೆ ಕದ್ದವರು ಅದನ್ನ ಕೊಂದಿಲ್ಲ. ಜೋಪಾನ ಮಾಡಿಕೊಂಡು ಹೋಗಿದ್ದಾರೆ.”

ಪೀಪಾಯಿಯೊಳಗಿಂದ ನಿದ್ದೆಯ ಕೂಸಿನ ಉಸಿರಿನಂಥ ಒಂದು ಸುಯ್ಯೆಂಬ ಸದ್ದು ಬಂತು.

“ಅದೇನದು?” ದಫೇದಾರ ಎರಡು ಹೆಜ್ಜೆ ಹಿಂದೆ ಸರಿದ.

“ನೈಟ್ರೋಜನ್ ಆವಿಯಾಗೋ ಸದ್ದು,” ಎಂದರು ಮೇಷ್ಟ್ರು. “ಒಳಗೆ ಅದು ಇರೋವರೆಗೂ ಮುಚ್ಚಳದ ಸಂದೀಲಿ ಹೀಗೇ ಉಸಿರಾಡುತ್ತೆ.”

* * *

ಒಳಗೆ ಮಂಚದ ಮೇಲೆ ಕಾಯುತ್ತಿದ್ದವಳ ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮಗ ಹಡಗಿನ ಕೆಲಸದವನು. ಸಮುದ್ರದ ನಡುವೆ ಎಲ್ಲೋ ಇದ್ದ. ಸೊಸೆಯ ಜೊತೆಗೆ ಬಂದವರು ಇವರೊಬ್ಬರೇ. ನಿನ್ನೆ ಸಂಜೆ ಇದೇ ಅತ್ತೆ ಲ್ಯಾಬಿನ ಬಾಗಿಲ ಬಳಿ ನಿಂತಿದ್ದನ್ನು ನರ್ಸು ಕಂಡಿದ್ದಳು. ‘ಈ ಮಂಜಿನ ಕೂಸು ನಮಗೆ ಬೇಡ’ ಅಂದದ್ದನ್ನೂ ಕೇಳಿಸಿಕೊಂಡಿದ್ದಳು.

“ಅಂದಿದ್ದು ಹೌದಾ?” ಇನ್ಸ್‌ಪೆಕ್ಟರಮ್ಮ ಪಕ್ಕದಲ್ಲೇ ಕೂತು ಕೇಳಿದಳು.

“ಅಂದೆ. ಈಗಲೂ ಅಂತೀನಿ.” ಮುದುಕಿಯ ಕಣ್ಣು ಕೆಂಪಾಗಿತ್ತು. “ಆ ರೋಗದಲ್ಲಿ ಅವಳನ್ನ ಎತ್ತಿ ಕೂರಿಸಿ ಗಂಜಿ ಕುಡಿಸಿದೋಳು ನಾನಮ್ಮ. ಬಸುರಿಯಾಗಿ ಮತ್ತೆ ಏನಾದರೂ ಆದರೆ? ನನಗೆ ಮೊಮ್ಮಗು ಬೇಡ, ಸೊಸೆ ಸಾಕು.”

“ಹಾಗಾದರೆ ನೀವೇ ತೆಗೆದಿರಾ?”

“ಹೇಗೆ ಅಂತ ತೆಗೀಲಿ? ನಮ್ಮನೆ ಫ್ರಿಜ್ಜಿನ ಬಾಗಿಲೇ ನನಗೆ ನೆಟ್ಟಗೆ ಹಾಕೋಕೆ ಬರಲ್ಲ.”

ದೊಡ್ಡ ಡಾಕ್ಟರ ಮೇಲೂ ಅನುಮಾನ ಹೋಗದಿರಲಿಲ್ಲ. ಹೆಪ್ಪುಗಟ್ಟಿದ ಭ್ರೂಣಗಳ ಮೇಲೆ ಸಂಶೋಧನೆ ನಡೆಸುತ್ತಿದ್ದವರು ಅವರು. ಅವರ ಕೋಣೆಯ ಮೂಲೆಯಲ್ಲಿ ಸಣ್ಣ ಫ್ಲಾಸ್ಕ್ ಕಂಡಾಗ ದಫೇದಾರನ ಮೀಸೆ ಒಮ್ಮೆಲೇ ನಿಗುರಿತು. ಮುಚ್ಚಳ ತೆಗೆದರೆ ಒಳಗೆ ಧೂಳು, ಒಂದು ಸತ್ತ ಜೇಡ.

“ದಂಪತಿಗಳು ತಾವಾಗಿ ಕೊಟ್ಟದ್ದನ್ನ ಬಿಟ್ಟು ಬೇರೆಯದನ್ನ ನಾನು ಮುಟ್ಟಲ್ಲ,” ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿಗಿಂತ ಸಂಕಟವಿತ್ತು. “ದಯವಿಟ್ಟು ಬೇಗ ಹುಡುಕಿ. ಅವಳ ಒಡಲು ಈವತ್ತಿಗೆ ಹದವಾಗಿದೆ. ಈ ಹದ ತಪ್ಪಿದರೆ ಮತ್ತೆ ಇಷ್ಟೆಲ್ಲಾ ಔಷಧಿ ಅವಳ ಮೈ ತಡೆಯುತ್ತೋ ಇಲ್ಲವೋ.”

ಓಣಿಗೆ ಮರಳಿದಾಗ ನರ್ಸು ಫೋಟೋಗಳ ಗೋಡೆಯ ಮುಂದೆ ನಿಂತಿದ್ದಳು.

“ಅಯ್ಯೋ, ನಮ್ಮ ಬೆಳ್ಳಿ ಎಲ್ಲಿ?”

“ಯಾರು ಬೆಳ್ಳಿ?”

“ಇಲ್ಲೇ ಹುಟ್ಟಿದೋಳು ಮೇಡಂ. ಈಗ ಸ್ಕೂಲಿಗೆ ಹೋಗ್ತಾಳೆ. ಹೋದ ವಾರ ಅವಳಮ್ಮ ಬಂದು ಫೋಟೋ ಕೊಟ್ಟರು, ನಾನೇ ಅಂಟಿಸಿದೆ. ಮುಂದಲೇಲಿ ಒಂದೆಳೆ ಬಿಳಿ ಕೂದಲು, ಹುಟ್ಟಿದಾಗಿನಿಂದ. ಅದಕ್ಕೇ ಬೆಳ್ಳಿ.”

ಗೋಡೆಯ ಮೇಲೆ ಟೇಪಿನ ತುಂಡುಗಳು ಉಳಿದಿದ್ದವು. ಒಂದರ ಅಡಿಯಲ್ಲಿ ಫೋಟೋದ ಹರಿದ ಮೂಲೆ. ಯಾರೋ ಅವಸರದಲ್ಲಿ ಕಿತ್ತಿದ್ದರು.

ಸ್ಟ್ರಾ ಕದಿಯಲು ಬಂದವರಿಗೆ ಕೂಸಿನ ಫೋಟೋ ಏಕೆ? ಇನ್ಸ್‌ಪೆಕ್ಟರಮ್ಮ ಆ ಖಾಲಿ ಜಾಗವನ್ನೇ ದಿಟ್ಟಿಸಿದಳು. ಸುತ್ತಲಿನ ಕಣ್ಣುಗಳೆಲ್ಲ ಅದನ್ನೇ ನೋಡುತ್ತಿರುವಂತೆ ಅವಳಿಗೆ ಭಾಸವಾಯಿತು.

ಅಷ್ಟರಲ್ಲಿ ದಫೇದಾರ ಓಡಿಬಂದ. ಮುಖ ಸುಣ್ಣ ಬಳಿದಂತಿತ್ತು.

“ಮೇಡಂ, ಆ ಹಳೇ ಸಾಮಾನಿನ ಕೋಣೆ... ಒಳಗೆ ಯಾರೂ ಇಲ್ಲ. ಆದರೆ ಕೂಸು ಉಸಿರಾಡ್ತಿದೆ. ನನ್ನ ಕಿವಿಯಾರೆ ಕೇಳಿದೆ.”

* * *

ಕೆಟ್ಟುಹೋದ ಪೀಪಾಯಿಗಳು ಅಲ್ಲಿ ಸಾಲಾಗಿ ನಿಂತಿದ್ದವು. ದೀಪ ಹಾಕಿದರೂ ಮೂಲೆಗಳ ಕತ್ತಲು ಕದಲಲಿಲ್ಲ. ಹಿಂದೆಯೇ ಬಂದ ಡಾಕ್ಟರು, ಮೇಷ್ಟ್ರು, ತಂತ್ರಜ್ಞೆ, ಎಲ್ಲರೂ ಉಸಿರು ಬಿಗಿಹಿಡಿದರು. ಹಾಗೆ ಹಿಡಿದಾಗಲೇ ಇನ್ನೊಂದು ಉಸಿರು ಕೇಳಿಸಿತು. ಸುಯ್... ಸುಯ್...

ಇನ್ಸ್‌ಪೆಕ್ಟರಮ್ಮನ ಮುಂಗೈಯ ರೋಮ ನಿಮಿರಿತು. ಮೇಷ್ಟ್ರು ಹೇಳಿದ್ದು ಮರುಕ್ಷಣವೇ ನೆನಪಾಯಿತು. ಖಾಲಿ ಪೀಪಾಯಿ ಉಸಿರಾಡುವುದಿಲ್ಲ. ಆಕೆ ಕೊನೆಯ ಪೀಪಾಯಿಯ ಹಿಂದೆ ಕೈ ಚಾಚಿದಳು. ಸಣ್ಣ ಫ್ಲಾಸ್ಕ್. ಮುಚ್ಚಳದ ಸಂದಿಯಿಂದ ಬಿಳಿ ಆವಿ ಹಣಿಕುತ್ತಿತ್ತು. ಒಳಗೆ, ನೈಟ್ರೋಜನ್‌ನಲ್ಲಿ ಮುಳುಗಿ, ಸ್ಟ್ರಾ.

“ಬದುಕಿದೆ!” ತಂತ್ರಜ್ಞೆ ಅತ್ತೇಬಿಟ್ಟಳು. ಡಾಕ್ಟರು ಕೈಮುಗಿದರು. “ದೇವರು ದೊಡ್ಡವನು. ಇನ್ನೂ ಹೊತ್ತಿದೆ, ಈಗಲೇ ಸೇರಿಸಿಬಿಡೋಣ. ಮೇಷ್ಟ್ರೇ, ನಡೀರಿ.”

ಎಲ್ಲರ ಮುಖವೂ ಅರಳಿತ್ತು, ಒಂದನ್ನುಳಿದು.

ಮಂಚದ ಮೇಲೆ ಕಾಯುತ್ತಿದ್ದವಳಿಗೆ ಸುದ್ದಿ ಮುಟ್ಟಿತು. ನಗುತ್ತ ಅಳುತ್ತ ಎದ್ದು ಕೂತವಳು ತಲೆಯ ಟೋಪಿ ಕಿತ್ತು ಅದರಲ್ಲೇ ಕಣ್ಣೊರೆಸಿಕೊಂಡಳು. ಕಪ್ಪು ಕೂದಲು ಬಿಚ್ಚಿ ಹರಡಿತು. ಹಣೆಯ ನಡುವಿನಿಂದ ಒಂದು ಎಳೆ, ಬೂದಿ ಬಳಿದಷ್ಟು ಬೆಳ್ಳಗೆ.

ಬಾಗಿಲಲ್ಲಿ ನಿಂತ ಇನ್ಸ್‌ಪೆಕ್ಟರಮ್ಮ ಒಂದು ಹೆಜ್ಜೆ ಒಳಗಿಟ್ಟಳು.

“ಅದು ಯಾವಾಗಿನಿಂದ?”

“ಹುಟ್ಟಿದಾಗಿನಿಂದ,” ಅತ್ತೆಯೇ ಹೇಳಿದರು. “ಅವಳಮ್ಮನಿಗೂ ಹಾಗೇ ಇತ್ತು.”

ಆ ಲ್ಯಾಬಿಗೆ ಒಂದು ಕಟ್ಟಳೆ. ಯಾವ ಭ್ರೂಣವನ್ನು ಮುಟ್ಟುವ ಮುನ್ನವೂ ಒಬ್ಬರು ಸ್ಟ್ರಾದ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕಣ್ಣಾರೆ ನೋಡಿ ‘ಹೌದು’ ಅನ್ನಬೇಕು. ಆ ಹೌದು ಬೀಳದೆ ಯಾವುದೂ ಕದಲುವ ಹಾಗಿಲ್ಲ.

ತಂತ್ರಜ್ಞೆ ಓದಿದಳು. ಕಾದಳು. ಮತ್ತೊಮ್ಮೆ ಓದಿದಳು.

ಮೇಷ್ಟ್ರು ಸ್ಟ್ರಾದ ಮೇಲಿನ ಹೆಸರನ್ನೇ ನೋಡಿದರು. ಮಾತು ಹೊರಡಲಿಲ್ಲ.

“ಮೇಷ್ಟ್ರೇ? ಯಾವಾಗಲೂ ನಾನು ಓದಿ ಮುಗಿಸೋ ಮುಂಚೆನೇ ಹೌದು ಅಂತಿದ್ರಿ. ಈವತ್ತೇನಾಯ್ತು?”

“ನಿಲ್ಲಿಸಿ,” ಎಂದಳು ಇನ್ಸ್‌ಪೆಕ್ಟರಮ್ಮ. “ಅವರು ಹೌದು ಅನ್ನಲ್ಲ. ಯಾಕಂದರೆ ಅದು ಹೌದಲ್ಲ. ಫೋಟೋ ಕೊಡಿ ಮೇಷ್ಟ್ರೇ.”

ಮೇಷ್ಟ್ರು ಜೇಬಿಗೆ ಕೈ ಹಾಕಿ, ಮೂಲೆ ಹರಿದ ಫೋಟೋ ತೆಗೆದು, ಮಗುಚಿ ಮೇಜಿನ ಮೇಲಿಟ್ಟರು.

* * *

“ಅತ್ತೆ ಬೇಡ ಅಂತ ತೆಗೆದಿದ್ದರೆ ಸ್ಟ್ರಾ ಕಸದಲ್ಲಿರ್ತಿತ್ತು,” ಎಂದಳು ಇನ್ಸ್‌ಪೆಕ್ಟರಮ್ಮ. “ಡಾಕ್ಟರಿಗೆ ಸಂಶೋಧನೆಗೆ ಬೇಕಿದ್ದರೆ, ಸಿಕ್ಕಾಗ ಅವರು ಕೈಮುಗೀತಿರಲಿಲ್ಲ. ಕದ್ದವರಿಗೆ ಈ ಭ್ರೂಣ ಸಾಯಬಾರದು. ಆದರೆ ಈ ತಾಯಿಯ ಒಡಲಿಗೂ ಸೇರಬಾರದು. ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೆ. ಆ ಟೋಪಿ ತೆಗೆದ ಮೇಲೆ ತಿಳೀತು. ಫೋಟೋದಲ್ಲಿದ್ದ ಮಗೂನೇ ಇವರ ಮಗು. ಹಾಗಿದ್ದರೆ ಈ ಸ್ಟ್ರಾದಲ್ಲಿರೋದು ಯಾರದು ಮೇಷ್ಟ್ರೇ?”

“ಅವಳಮ್ಮಂದು. ಬೆಳ್ಳಿಯ ಅಮ್ಮಂದು.” ಮೇಷ್ಟ್ರು ಗೋಡೆಗೊರಗಿದರು. “ಇಬ್ಬರದೂ ಒಂದೇ ದಿನ ಹೆಪ್ಪುಗಟ್ಟಿಸಿದ್ದು. ಇಬ್ಬರಿಗೂ ಒಂದೊಂದೇ ಭ್ರೂಣ. ಆವತ್ತು ನೋಡೋ ಸರದಿ ನಂದು. ಎಷ್ಟೋ ವರ್ಷ ಹೌದು, ಹೌದು ಅಂದೂ ಅಂದೂ... ಬಾಯಿಗೆ ಕಣ್ಣು ಬೇಕಾಗಿರಲಿಲ್ಲ. ನೋಡದೇ ಅಂದುಬಿಟ್ಟೆ. ಸ್ಟ್ರಾಗಳ ಮೇಲಿನ ಹೆಸರು ಅದಲು ಬದಲಾಗಿಹೋಯ್ತು.”

“ಯಾವಾಗ ಗೊತ್ತಾಯ್ತು?”

“ಹೋದ ವಾರ, ಫೋಟೋ ಅಂಟಿಸಿದಾಗ. ಈಯಮ್ಮನ ಕೂದಲು ನಾನು ಮೊದಲೇ ನೋಡಿದ್ದೆ. ಅಷ್ಟಕ್ಕೇ ನಂಬಲಿಲ್ಲ. ಬೆಳ್ಳಿಯದೂ ಅವಳಪ್ಪ ಅಮ್ಮಂದೂ ರಕ್ತದ ಗುಂಪು ಕಡತದಿಂದ ತೆಗೆದು ನೋಡಿದೆ. ಅವರಿಬ್ಬರಿಗೆ ಆ ರಕ್ತದ ಮಗು ಹುಟ್ಟೋಕೆ ಸಾಧ್ಯಾನೇ ಇಲ್ಲ. ಗಳಿಗೆ ಗಳಿಗೆಗೂ ಬಂದು ಆ ಫೋಟೋ ಮುಂದೆ ನಿಲ್ತಿದ್ದೆ. ಅದು ನಗ್ತಾನೇ ಇತ್ತು. ಈಯಮ್ಮನ ಕಣ್ಣಿಗೆ ಬೀಳಬಾರದು ಅಂತ ಕೊನೆಗೆ ಕಿತ್ತುಕೊಂಡೆ.”

“ಹೇಳಬಹುದಿತ್ತಲ್ಲ ಮೇಷ್ಟ್ರೇ!” ಡಾಕ್ಟರು ಕೂಗಿದರು. ಪಿಸುಮಾತಿನ ಆ ಕೋಣೆಯಲ್ಲಿ ಅದು ಮೊದಲ ಕೂಗು.

“ಧೈರ್ಯ ಬರಲಿಲ್ಲ. ಸುಮ್ಮನಿದ್ದರೆ ಎರಡನೇ ಸಲ ಅದೇ ಪಾಪ. ಚೆಲ್ಲಿಬಿಡೋಣ ಅಂದರೆ ಕೈ ಬರಲಿಲ್ಲ. ಕಳೆದುಹೋಯ್ತು ಅಂದುಕೊಳ್ಳಲಿ ಅಂತ...”

ಮಂಚದ ಮೇಲೆ ಕಾಯುತ್ತಿದ್ದವಳು ಬಾಗಿಲಲ್ಲೇ ನಿಂತಿದ್ದಳು. ಯಾವಾಗ ಬಂದಳೋ ಯಾರೂ ಗಮನಿಸಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಕೂಗಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು.

“ನನಗೆ ಮಗಳು,” ಎಂದಳು. ಪ್ರಶ್ನೆಯೋ ಉತ್ತರವೋ ತಿಳಿಯಲಿಲ್ಲ.

ಅತ್ತೆ ಕೈಚಾಚಿ ಮೇಜಿನ ಬಳಿ ಬಂದರು. “ಒಂದು ಸಲ ನೋಡೋಣ ಕೊಡಿ. ಒಂದೇ ಸಲ.”

“ಬೇಡ ಅತ್ತೆ.” ಸೊಸೆ ಅವರ ಮುಂಗೈ ಹಿಡಿದಳು. “ಅವಳಮ್ಮ ತೋರಿಸಿದರೆ ನೋಡೋಣ.” ಆಮೇಲೆ ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದಳು. “ಈ ಸ್ಟ್ರಾದಲ್ಲಿರೋದು ಅವರ ಕೂಸು. ಅವರಿಗೆ ಹೇಳಲೇಬೇಕು ಅಲ್ವಾ?”

“ಹೇಳಲೇಬೇಕು.”

“ಹಾಗಾದರೆ ಮೊದಲ ಮಾತೇ ಇದಾಗಲಿ. ಯಾರೂ ಮಗೂನ ಕಿತ್ತುಕೊಳ್ಳೋಕೆ ಬರ್ತಿಲ್ಲ ಅಂತ ಹೇಳಿ. ಉಳಿದದ್ದು ಆಮೇಲೆ.”

ಇಷ್ಟು ಹೇಳಿ ಅವಳು ನೆಲಕ್ಕೆ ಕುಸಿದಳು. ಮುದುಕಿಯೂ ಜೊತೆಗೇ ಕುಸಿದು ಅವಳನ್ನು ಮಡಿಲಿಗೆಳೆದುಕೊಂಡರು.

* * *

ಸಂಜೆ, ಸಾಲುಮನೆಗಳ ಬೀದಿ. ಮೇಷ್ಟ್ರನ್ನು ಠಾಣೆಯಲ್ಲಿ ಕೂರಿಸಿ ಬಂದ ದಫೇದಾರ ಆ ದಿನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದ.

ಇನ್ಸ್‌ಪೆಕ್ಟರಮ್ಮ ಬಾಗಿಲು ತಟ್ಟಿದಳು. ತೆರೆದದ್ದು ಒಬ್ಬ ಹುಡುಗಿ. ಬೆಳಿಗ್ಗೆ ನೋಡಿದ ಮುಖವೇ ಅದು, ಚಿಕ್ಕದಾಗಿ. ಅದೇ ಹುಬ್ಬು, ಅದೇ ಗಲ್ಲ, ಅದೇ ಬಿಳಿ ಎಳೆ.

“ಅಮ್ಮಾ! ಪೊಲೀಸು! ಇಬ್ಬರು!”

ಒಳಗಿನಿಂದ ಒಬ್ಬ ಹೆಂಗಸು ಒದ್ದೆ ಕೈಯಲ್ಲೇ ಬಂದಳು. ಸಮವಸ್ತ್ರ ಕಂಡದ್ದೇ ಮಗುವನ್ನು ಹಿಂದಕ್ಕೆ ಸರಿಸಿ, ತಾನು ಅಡ್ಡ ನಿಂತಳು. ಏನು, ಯಾಕೆ ಎಂದು ಕೇಳುವ ಮೊದಲೇ ಅವಳ ಕೈ ಮಗುವಿನ ತಲೆಯ ಮೇಲೆ ಹೋಗಿತ್ತು.

ಇನ್ಸ್‌ಪೆಕ್ಟರಮ್ಮ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಳು.

“ಹೆದರಬೇಡಿ ತಾಯಿ,” ಎಂದಳು. “ನಿಮ್ಮ ಮಗು ನಿಮ್ಮದೇ. ಇದನ್ನ ಮೊದಲು ಹೇಳಿ ಅಂತ ಇನ್ನೊಬ್ಬ ತಾಯಿ ಹೇಳಿಕಳಿಸಿದ್ದಾರೆ.”